ಏಳು ರಾತ್ರಿಗಳ ಹಕ್ಕು: ರಜಾ ಸದಸ್ಯತ್ವವು ಮಿತವ್ಯಯದ ಪ್ರವಾಸಿಗೆ ತಕ್ಕುದೇ?

ಹೊಸೂರಿನಿಂದ ರಾಯಕೋಟೆ, ಪಾಲಕ್ಕೋಡುಗಳ ಮೂಲಕ ಬರುವ ರಸ್ತೆಯು ಬೆಂಗಳೂರು–ಸೇಲಂ ಹೆದ್ದಾರಿಯನ್ನು ಕೂಡುವುದು ಅದಿಯಮಾನ್‌ಕೋಟೆಯ ಬಳಿ. ಸಂಗಂ ಸಾಹಿತ್ಯದ ಅದಿಯಮಾನ್ ನೆಡುಮಾನ್ ಅಂಜಿಯ ಹೆಸರನ್ನು ಉಳಿಸಿಕೊಂಡಿರುವ ಈ ಊರಿನಲ್ಲಿ ಭಿತ್ತಿಚಿತ್ರಗಳಿಗೆ ಹೆಸರಾದ ಚೆನ್ನರಾಯ ಪೆರುಮಾಳ್ ದೇವಾಲಯವಿದೆ. ಕರ್ನಾಟಕದಿಂದಲೂ ಭಕ್ತರನ್ನು ಸೆಳೆಯುವ ಕಾಲಭೈರವನ ಗುಡಿಯಿದೆ. ಧರ್ಮಪುರಿಯ ಕಡೆಗೆ ತಿರುಗಿ ಮುಂದೆ ಸಾಗಿದರೆ ಕಾವೇರಿಯ ಹೊಗೇನಕಲ್. ಸೇಲಂ ದಾಟಿ ಬೆಟ್ಟವೇರಿದರೆ ಏರ್ಕಾಡು. ಈ ಕವಲಿನಲ್ಲಿ ಸಾಗುವ ಪ್ರವಾಸಿಗರಲ್ಲಿ ಎರಡು ಬಗೆಯವರನ್ನು ಕಾಣಬಹುದು. ಬುತ್ತಿ ಕಟ್ಟಿಕೊಂಡು ಬೆಳಗಿನ ಬಸ್ಸಿಗೆ ಹೊರಟು, ದೇವರ ದರ್ಶನ ಮಾಡಿ, ಹೊಳೆಯಲ್ಲಿ ಮಿಂದು, ರಾತ್ರಿಯ ಬಸ್ಸಿಗೆ ಮನೆ ಸೇರುವವರು ಒಂದು ಬಗೆ. ಬೆಟ್ಟದ ರೆಸಾರ್ಟಿನಲ್ಲಿ ನಾಲ್ಕಾರು ದಿನ ಕೋಣೆ ಹಿಡಿದು ಉಳಿಯುವವರು ಇನ್ನೊಂದು ಬಗೆ. ಮೊದಲನೆಯ ಬಗೆಯವರನ್ನು ಎರಡನೆಯ ಬಗೆಯವರನ್ನಾಗಿ ಮಾಡುವ ಭರವಸೆಯೊಂದು ಇಂದು ಮಾಲ್‌ಗಳಲ್ಲಿ, ವಸ್ತುಪ್ರದರ್ಶನಗಳಲ್ಲಿ, ದೂರವಾಣಿ ಕರೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಅದರ ಹೆಸರು ರಜಾ ಸದಸ್ಯತ್ವ. ವ್ಯಾಪಾರದ ಭಾಷೆಯಲ್ಲಿ ಟೈಮ್‌ಶೇರ್.

ಒಮ್ಮೆ ಹಣ ಕಟ್ಟಿದರೆ ಮುಂದಿನ 25 ವರ್ಷ ಪ್ರತಿವರ್ಷವೂ ಏಳು ರಾತ್ರಿ ಉತ್ತಮ ರೆಸಾರ್ಟಿನಲ್ಲಿ ಉಳಿಯಬಹುದು ಎಂಬುದು ಆ ಭರವಸೆಯ ಸಾರ. ಕಟ್ಟಬೇಕಾದ ಮೊತ್ತವಾದರೋ ಲಕ್ಷಗಳಲ್ಲಿರುತ್ತದೆ. ಮಧ್ಯಮ ವರ್ಗದ ಮನೆಯೊಂದಕ್ಕೆ ಅದು ಮಗಳ ಓದಿಗೋ ಮನೆಯ ಮಾಳಿಗೆಗೋ ಕೂಡಿಟ್ಟ ಹಣ. ಒಪ್ಪಂದದ ಪತ್ರ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಓದಿ ತಿಳಿಸುವ ಹೊಣೆ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರ ಮೇಲೆ ಬೀಳುತ್ತದೆ. ಆದುದರಿಂದ ಈ ವ್ಯವಹಾರದ ಸ್ವರೂಪವನ್ನೂ ಅದರ ಲೆಕ್ಕವನ್ನೂ ವಿದ್ಯಾರ್ಥಿಗಳು ಅರಿತಿರುವುದು ಅಗತ್ಯ.

ಕಾಲದ ಪಾಲು

ಟೈಮ್‌ಶೇರ್ ಎಂದರೆ ಒಂದು ಕಟ್ಟಡದ ಬಳಕೆಯನ್ನು ಕಾಲದಿಂದ ಭಾಗಿಸಿ ಹಂಚುವುದು. ಕಲ್ಪನೆ ಹಳ್ಳಿಯವರಿಗೆ ಹೊಸದೇನಲ್ಲ. ಕೆರೆಯ ನೀರನ್ನು ನೀರುಗಂಟಿಯು ಸರದಿಯಂತೆ ಗದ್ದೆಗಳಿಗೆ ಹರಿಸುತ್ತಿದ್ದ ಪದ್ಧತಿಯಲ್ಲಿ ಯಾವ ರೈತನೂ ಕೆರೆಯ ಒಡೆಯನಾಗಿರಲಿಲ್ಲ. ತನ್ನ ಸರದಿಯ ಹೊತ್ತಿನಲ್ಲಿ ನೀರು ಪಡೆಯುವ ಹಕ್ಕು ಮಾತ್ರ ಅವನದು. ಸರದಿ ಬಂದಾಗ ಗದ್ದೆಯಲ್ಲಿ ಪೈರಿಲ್ಲದಿದ್ದರೆ ಆ ನೀರಿನಿಂದ ಅವನಿಗೆ ಫಲವಿಲ್ಲ. ಆದರೆ ಕೆರೆಯ ಹೂಳೆತ್ತುವ ಕೆಲಸದಲ್ಲಿ ಅವನ ಪಾಲು ತಪ್ಪುತ್ತಿರಲಿಲ್ಲ. ರಜಾ ಸದಸ್ಯತ್ವದ ಗುಣ, ದೋಷ ಎರಡೂ ಈ ಹೋಲಿಕೆಯಲ್ಲಿ ಅಡಗಿವೆ.

ಆಧುನಿಕ ರೂಪದ ಟೈಮ್‌ಶೇರ್ 1960ರ ದಶಕದಲ್ಲಿ ಯುರೋಪಿನ ಸ್ವಿಟ್ಜರ್‌ಲೆಂಡ್, ಫ್ರಾನ್ಸ್‌ಗಳಲ್ಲಿ ಮೊದಲಾಯಿತು. ರಜೆಗಾಗಿ ಒಂದು ಮನೆಯನ್ನು ಕೊಳ್ಳಲಾರದವರು ಹಲವರೊಡನೆ ಸೇರಿ ಅದರ ವಾರಗಳನ್ನು ಹಂಚಿಕೊಳ್ಳುವುದು ಅದರ ಮೂಲ ತತ್ತ್ವ. ಪ್ರತಿವರ್ಷವೂ ಒಂದೇ ಊರಿಗೆ ಹೋಗುವುದು ಬೇಸರವೆನಿಸಿದಾಗ, ಒಬ್ಬರ ವಾರವನ್ನು ಇನ್ನೊಬ್ಬರ ವಾರಕ್ಕೆ ಬದಲಾಯಿಸಿಕೊಡುವ ಸಂಸ್ಥೆಗಳು ಹುಟ್ಟಿದವು. 1974ರಲ್ಲಿ ಅಮೆರಿಕದಲ್ಲಿ ಆರಂಭವಾದ ಆರ್‌ಸಿಐ ಅವುಗಳಲ್ಲಿ ಪ್ರಮುಖವಾದುದು. ಭಾರತದಲ್ಲಿ 1986ರಲ್ಲಿ ಸ್ಥಾಪನೆಯಾದ ಸ್ಟರ್ಲಿಂಗ್ ಹಾಲಿಡೇ ರೆಸಾರ್ಟ್ಸ್ ಈ ಉದ್ಯಮಕ್ಕೆ ನಾಂದಿ ಹಾಡಿತು. 1996ರಲ್ಲಿ ಮಹೀಂದ್ರಾ ಹಾಲಿಡೇಸ್ ಸಂಸ್ಥೆಯು ಕ್ಲಬ್ ಮಹೀಂದ್ರಾ ಎಂಬ ಹೆಸರಿನೊಡನೆ ಈ ಕ್ಷೇತ್ರವನ್ನು ಪ್ರವೇಶಿಸಿತು. ಕೊಡಗು, ಮುನ್ನಾರ್, ಊಟಿ, ಕೊಡೈಕಾನಲ್‌ಗಳಂತಹ ಬೆಟ್ಟದ ಊರುಗಳು ಈ ವ್ಯವಹಾರದ ಮುಖ್ಯ ಆಕರ್ಷಣೆಗಳಾದವು.

ಕೆಲವು ದೇಶಗಳಲ್ಲಿ ಟೈಮ್‌ಶೇರ್ ಕೊಂಡವರಿಗೆ ಕಟ್ಟಡದ ಒಡೆತನದಲ್ಲಿಯೂ ಒಂದಂಶ ದೊರೆಯುವುದುಂಟು. ಭಾರತದಲ್ಲಿ ಸಾಮಾನ್ಯವಾಗಿ ದೊರೆಯುವುದು ನಿಗದಿತ ಅವಧಿಯ ಬಳಕೆಯ ಹಕ್ಕು. ಮಾರುವವರ ಮಾತಿನಲ್ಲಿ ‘ಆಸ್ತಿ’, ‘ಹೂಡಿಕೆ’ ಎಂಬ ಪದಗಳು ಬಂದರೂ, ಅವಧಿ ಮುಗಿದ ದಿನ ಸದಸ್ಯನ ಕೈಯಲ್ಲಿ ಏನೂ ಉಳಿಯುವುದಿಲ್ಲ. ನಡುವೆ ಮಾರಲು ಹೊರಟರೂ ಕೊಂಡ ಬೆಲೆ ಮರಳಿ ಬರುವುದು ಅಪರೂಪ.

ಒಪ್ಪಂದವನ್ನು ಶಾಸನದಂತೆ ಓದುವುದು

ಧರ್ಮಪುರಿ ಪ್ರದೇಶದಲ್ಲಿ ನೊಳಂಬ ಮಹೇಂದ್ರನ ಕಾಲದ, ಎಂದರೆ 9ನೆಯ ಶತಮಾನದ ಕನ್ನಡ ಶಾಸನಗಳು ದೊರೆತಿವೆ. ದಾನಶಾಸನಗಳನ್ನು ಓದಿದ ಕನ್ನಡ ವಿದ್ಯಾರ್ಥಿಗೆ ಅವುಗಳ ಕಟ್ಟು ಪರಿಚಿತ. ಕೊಡುವವರು ಯಾರು, ಪಡೆಯುವವರು ಯಾರು, ಕೊಟ್ಟದ್ದು ಏನು, ಅದರ ಎಲ್ಲೆ ಎಲ್ಲಿಯವರೆಗೆ, ಎಷ್ಟು ಕಾಲ, ಯಾವ ತೆರಿಗೆಗಳಿಂದ ಬಿಡುಗಡೆ, ತಪ್ಪಿದರೆ ಏನು ಎಂಬುದನ್ನು ಅವು ಒಂದೊಂದಾಗಿ ಹೇಳುತ್ತವೆ. ಸದಸ್ಯತ್ವದ ಒಪ್ಪಂದವನ್ನೂ ಇದೇ ಕ್ರಮದಲ್ಲಿ ಓದಿದರೆ ಅದರ ಹುರುಳು ತಿಳಿಯುತ್ತದೆ.

ಕೊಟ್ಟದ್ದು ಏನು ಎಂಬುದು ಮೊದಲ ಪ್ರಶ್ನೆ. ಸದಸ್ಯತ್ವವನ್ನು ಕೋಣೆಯ ಗಾತ್ರದಿಂದಲೂ ಋತುವಿನಿಂದಲೂ ವರ್ಗೀಕರಿಸುತ್ತಾರೆ. ಋತುಗಳಿಗೆ ಬಣ್ಣಗಳ ಹೆಸರನ್ನಿಡುವುದು ರೂಢಿ. ಬೇಸಗೆ ರಜೆ, ದಸರಾ, ದೀಪಾವಳಿ, ವರ್ಷಾಂತ್ಯದಂತಹ ದಟ್ಟಣೆಯ ದಿನಗಳು ಒಂದು ಬಣ್ಣಕ್ಕೆ. ಮಳೆಗಾಲದ ವಾರದ ದಿನಗಳು ಇನ್ನೊಂದು ಬಣ್ಣಕ್ಕೆ. ಕೆಳಗಿನ ಬಣ್ಣದ ಸದಸ್ಯನು ಮೇಲಿನ ಬಣ್ಣದ ದಿನಗಳಲ್ಲಿ ತನ್ನ ಹಕ್ಕಿನಿಂದ ಕೋಣೆ ಪಡೆಯಲಾರ. ಕೆಲವೆಡೆ ಹೆಚ್ಚಿನ ಹಣ ತೆತ್ತರೆ ಅವಕಾಶವಿರುತ್ತದೆ.

ಎಲ್ಲೆ ಎಲ್ಲಿಯವರೆಗೆ ಎಂಬುದು ಎರಡನೆಯ ಪ್ರಶ್ನೆ. ‘ಲಭ್ಯತೆಗೆ ಒಳಪಟ್ಟು’ ಎಂಬ ಎರಡು ಪದಗಳು ಒಪ್ಪಂದದ ಮುಖ್ಯ ಗಡಿಕಲ್ಲು. ಕೋಣೆ ಖಾಲಿಯಿದ್ದರೆ ಮಾತ್ರ ಹಕ್ಕು ಫಲಿಸುತ್ತದೆ ಎಂಬುದು ಅದರ ಅರ್ಥ. ಬಯಸಿದ ಊರಿನಲ್ಲಿ ಬಯಸಿದ ದಿನ ಕೋಣೆ ದೊರೆಯಬೇಕಾದರೆ ತಿಂಗಳುಗಳ ಮೊದಲೇ ಕಾದಿರಿಸಬೇಕಾಗುತ್ತದೆ. ಕಾದಿರಿಸುವಿಕೆ ಎಷ್ಟು ತಿಂಗಳ ಮೊದಲು ತೆರೆಯುತ್ತದೆ, ರದ್ದುಮಾಡಿದರೆ ಎಷ್ಟು ರಾತ್ರಿಗಳು ಕಳೆದುಹೋಗುತ್ತವೆ, ಬಳಸದ ರಾತ್ರಿಗಳು ಮುಂದಿನ ವರ್ಷಕ್ಕೆ ಸೇರುತ್ತವೆಯೇ ಎಂಬ ವಿವರಗಳು ಪತ್ರದಲ್ಲಿಯೇ ಇರುತ್ತವೆ.

ಹೊರೆ ಏನು ಎಂಬುದು ಮೂರನೆಯ ಮತ್ತು ಅತಿಮುಖ್ಯವಾದ ಪ್ರಶ್ನೆ. ಶಾಸನಗಳಲ್ಲಿ ಬರುವ ‘ಸರ್ವಬಾಧಾ ಪರಿಹಾರ’ ಎಂಬ ಮಾತು ದತ್ತಿಯನ್ನು ಎಲ್ಲ ತೆರಿಗೆಗಳಿಂದ ಬಿಡಿಸುತ್ತದೆ. ಸದಸ್ಯತ್ವದಲ್ಲಿ ಅಂತಹ ಬಿಡುಗಡೆಯಿಲ್ಲ. ರೆಸಾರ್ಟುಗಳ ನಿರ್ವಹಣೆಗೆಂದು ಪ್ರತಿವರ್ಷವೂ ಒಂದು ವಾರ್ಷಿಕ ಶುಲ್ಕವನ್ನು ಕಟ್ಟಬೇಕು. ಆ ವರ್ಷ ಪ್ರವಾಸ ಹೋದರೂ ಹೋಗದಿದ್ದರೂ ಅದು ತಪ್ಪುವುದಿಲ್ಲ. ಕಾಲಕಾಲಕ್ಕೆ ಏರುತ್ತಲೂ ಹೋಗುತ್ತದೆ. ಸದಸ್ಯತ್ವದ ಮೊತ್ತಕ್ಕೂ ವಾರ್ಷಿಕ ಶುಲ್ಕಕ್ಕೂ ಶೇಕಡ 18ರಷ್ಟು ಜಿಎಸ್‌ಟಿ ಸೇರುತ್ತದೆ. ಸಾಮಾನ್ಯ ಹೋಟೆಲಿನಲ್ಲಿಯಾದರೋ ದಿನಕ್ಕೆ 7,500 ರೂಪಾಯಿವರೆಗಿನ ಬಾಡಿಗೆಯ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಶೇಕಡ 5 ಮಾತ್ರ. ಊಟ, ಪ್ರಯಾಣ, ರೆಸಾರ್ಟಿನೊಳಗಿನ ಇತರ ಸೇವೆಗಳ ಖರ್ಚು ಬೇರೆ. ಊರಿನಿಂದ ದೂರವಿರುವ ರೆಸಾರ್ಟಿನಲ್ಲಿ ಊಟಕ್ಕೆ ಅಲ್ಲಿನ ಭೋಜನಶಾಲೆಯೇ ಗತಿಯಾಗುವುದರಿಂದ, ಕೋಣೆಯಲ್ಲಿ ಉಳಿಸಿದ ಹಣ ಎಲೆಯ ಮುಂದೆ ಕರಗುವುದೂ ಉಂಟು.

ಮೂರು ಲೆಕ್ಕಗಳು

ಇನ್ನು ಲೆಕ್ಕ. ಇಲ್ಲಿ ಹಿಡಿದಿರುವ ಅಂಕಿಗಳು ಯಾವುದೇ ಸಂಸ್ಥೆಯ ದರಗಳಲ್ಲ. ವಿಧಾನವನ್ನು ತೋರಿಸಲು ಇಟ್ಟುಕೊಂಡ ದುಂಡು ಸಂಖ್ಯೆಗಳು. ಸದಸ್ಯತ್ವದ ಮೊತ್ತ ತೆರಿಗೆ ಸೇರಿ 4,00,000 ರೂಪಾಯಿ. ಅವಧಿ 25 ವರ್ಷ. ವರ್ಷಕ್ಕೆ ಏಳು ರಾತ್ರಿ. ವಾರ್ಷಿಕ ಶುಲ್ಕ ತೆರಿಗೆ ಸೇರಿ 20,000 ರೂಪಾಯಿ ಎಂದಿರಲಿ. ಓದುಗರು ತಮಗೆ ಹೇಳಿದ ದರಗಳನ್ನು ಈ ಸ್ಥಾನಗಳಲ್ಲಿ ಇಟ್ಟು ನೋಡಬಹುದು.

ಮಾರಾಟದ ಮೇಜಿನ ಮೇಲೆ ತೋರಿಸುವುದು ಮೊದಲನೆಯ ಲೆಕ್ಕ. 25 ವರ್ಷಕ್ಕೆ ಒಟ್ಟು 175 ರಾತ್ರಿಗಳು. 4,00,000ವನ್ನು 175ರಿಂದ ಭಾಗಿಸಿದರೆ ರಾತ್ರಿಗೆ 2,286 ರೂಪಾಯಿ. ಬೆಟ್ಟದ ಮೇಲಿನ ಒಳ್ಳೆಯ ಕೋಣೆಗೆ ಇದು ಅಗ್ಗವೆಂದೇ ತೋರುತ್ತದೆ.

ವಾರ್ಷಿಕ ಶುಲ್ಕವನ್ನು ಕೂಡಿಸುವುದು ಎರಡನೆಯ ಲೆಕ್ಕ. 20,000ವನ್ನು ಏಳರಿಂದ ಭಾಗಿಸಿದರೆ ರಾತ್ರಿಗೆ 2,857 ರೂಪಾಯಿ. ಅಲ್ಲಿಗೆ ಒಂದು ರಾತ್ರಿಯ ಬೆಲೆ 5,143 ರೂಪಾಯಿ ಆಯಿತು. ಮೊದಲ ಲೆಕ್ಕದಲ್ಲಿ ಬಿಟ್ಟುಹೋದ ಅಂಶವೇ ಅದರಲ್ಲಿ ಸೇರಿದ್ದ ಅಂಶಕ್ಕಿಂತ ದೊಡ್ಡದೆಂಬುದು ಗಮನಾರ್ಹ.

ಮೂರನೆಯ ಲೆಕ್ಕ ಬಡ್ಡಿಯದು. ಅದೇ 4,00,000 ರೂಪಾಯಿಯನ್ನು ಬ್ಯಾಂಕಿನಲ್ಲಿ ಶೇಕಡ 7ರ ಬಡ್ಡಿಗೆ ಇಟ್ಟರೆ ವರ್ಷಕ್ಕೆ 28,000 ರೂಪಾಯಿ ಬರುತ್ತದೆ. ಕಟ್ಟಬೇಕಾಗಿಲ್ಲದ ವಾರ್ಷಿಕ ಶುಲ್ಕ 20,000ವನ್ನು ಅದಕ್ಕೆ ಕೂಡಿಸಿದರೆ 48,000. ಏಳು ರಾತ್ರಿಗಳಿಗೆ ಹಂಚಿದರೆ ರಾತ್ರಿಗೆ 6,857 ರೂಪಾಯಿಯ ಕೋಣೆಯನ್ನು ಯಾವ ಊರಿನಲ್ಲಿ ಬೇಕಾದರೂ, ಯಾವ ಹೋಟೆಲಿನಲ್ಲಿ ಬೇಕಾದರೂ ಹಿಡಿಯಬಹುದು. ಅಸಲು ಹಾಗೆಯೇ ಉಳಿದಿರುತ್ತದೆ. ಹೋಟೆಲ್ ಬಾಡಿಗೆ ವರ್ಷದಿಂದ ವರ್ಷಕ್ಕೆ ಏರುತ್ತದೆ, ಸದಸ್ಯನಿಗೆ ಆ ಚಿಂತೆಯಿಲ್ಲ ಎಂಬುದು ಮಾರುವವರ ಉತ್ತರ. ಆ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ವಾರ್ಷಿಕ ಶುಲ್ಕವೂ ಏರುತ್ತದೆ. ಬಾಡಿಗೆ, ಶುಲ್ಕ ಎರಡೂ ವರ್ಷಕ್ಕೆ ಶೇಕಡ 5ರಂತೆ ಏರುತ್ತವೆಂದು ಹಿಡಿದು, ಬಡ್ಡಿಯ ಜೊತೆಗೆ ಅಸಲನ್ನೂ 25 ವರ್ಷಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬಳಸಿ ಮುಗಿಸಿದರೆ, ಇಂದಿನ ಬೆಲೆಯಲ್ಲಿ ರಾತ್ರಿಗೆ ಸುಮಾರು 5,700 ರೂಪಾಯಿಯ ಕೋಣೆ ಅಷ್ಟೂ ವರ್ಷ ದೊರೆಯುತ್ತದೆ. ಎಂದರೆ, ಈ ಸದಸ್ಯತ್ವದಲ್ಲಿ ಒಂದು ರಾತ್ರಿಯ ನಿಜವಾದ ಬೆಲೆ ಇಂದಿನ ಸುಮಾರು 5,700 ರೂಪಾಯಿ. ಮೇಜಿನ ಮೇಲೆ ತೋರಿಸಿದ 2,286 ಅಲ್ಲ.

ಇದೂ ಏಳಕ್ಕೆ ಏಳು ರಾತ್ರಿಗಳನ್ನು 25 ವರ್ಷವೂ ತಪ್ಪದೆ ಬಳಸಿದರೆ ಮಾತ್ರ. ಮಕ್ಕಳ ಹತ್ತನೆಯ ತರಗತಿ, ಹಿರಿಯರ ಅನಾರೋಗ್ಯ, ಮದುವೆ, ಸೂತಕ, ವರ್ಗಾವಣೆ ಎಂದು ಪ್ರವಾಸ ತಪ್ಪುವ ವರ್ಷಗಳು ಪ್ರತಿ ಮನೆಯಲ್ಲಿಯೂ ಬರುತ್ತವೆ. ಸರಾಸರಿ ನಾಲ್ಕು ರಾತ್ರಿ ಮಾತ್ರ ಬಳಕೆಯಾದರೆ ಒಂದು ರಾತ್ರಿಯ ಬೆಲೆ ಸುಮಾರು 10,000 ರೂಪಾಯಿಗೆ ಏರುತ್ತದೆ. ಮೊತ್ತವನ್ನು ಸಾಲದ ಕಂತಿನಲ್ಲಿ ಕಟ್ಟಿದರೆ ಹೊರೆ ಇನ್ನೂ ಹೆಚ್ಚು. ಶೇಕಡ 15ರ ಬಡ್ಡಿಯಲ್ಲಿ ನಾಲ್ಕು ವರ್ಷಗಳ ಕಂತಾದರೆ ತಿಂಗಳಿಗೆ ಸುಮಾರು 11,130 ರೂಪಾಯಿ. ಒಟ್ಟು ಪಾವತಿ ಸುಮಾರು 5,34,000 ರೂಪಾಯಿ.

ಅದಿಯಮಾನ್‌ಕೋಟೆಯ ಕುಟುಂಬಕ್ಕೆ ಅನ್ವಯಿಸಿದರೆ

ಮೇಲಿನ ಲೆಕ್ಕಗಳೆಲ್ಲ ರೆಸಾರ್ಟಿನ ಕೋಣೆಯನ್ನು ದುಬಾರಿ ಹೋಟೆಲಿನ ಕೋಣೆಯೊಡನೆ ಹೋಲಿಸುವಂಥವು. ಮಿತವ್ಯಯದ ಪ್ರವಾಸಿಗೆ ಇವಕ್ಕಿಂತ ಸರಳವಾದ ಇನ್ನೊಂದು ಪರೀಕ್ಷೆ ಸಾಕು. ಅದಿಯಮಾನ್‌ಕೋಟೆಯ ನಾಲ್ವರ ಕುಟುಂಬವೊಂದನ್ನು ಊಹಿಸಿಕೊಳ್ಳಬಹುದು. ಹೊಗೇನಕಲ್ಲಿಗೆ ಹೋದರೆ ಸಂಜೆಗೆ ಮನೆಗೆ ಮರಳುತ್ತಾರೆ. ಅಲ್ಲಿ ಕೋಣೆಯೇ ಬೇಡ. ಏರ್ಕಾಡಿಗೂ ಬೆಳಗ್ಗೆ ಹೋಗಿ ಸಂಜೆ ಬರಬಹುದು. ಉಳಿದರೆ ಒಂದು ರಾತ್ರಿ. ದಸರೆಗೆ ಮೈಸೂರಿಗೋ ಹರಕೆ ತೀರಿಸಲು ತಿರುಪತಿಗೋ ಹೋದರೆ ಎರಡು ರಾತ್ರಿ. ವರ್ಷಕ್ಕೆ ಒಟ್ಟು ಮೂರು ರಾತ್ರಿ. ಕೋಣೆಗೆ 1,800 ರೂಪಾಯಿ ಎಂದರೆ 5,400 ರೂಪಾಯಿ.

ಸದಸ್ಯತ್ವದ ವಾರ್ಷಿಕ ಶುಲ್ಕವೊಂದೇ 20,000 ರೂಪಾಯಿ. ಈ ಕುಟುಂಬವು ತನ್ನ ಪ್ರವಾಸವನ್ನು ಏಳು ರಾತ್ರಿಗಳಿಗೆ ಹಿಗ್ಗಿಸಿದರೂ 1,800ರ ದರದಲ್ಲಿ ಕೋಣೆಯ ಖರ್ಚು 12,600 ರೂಪಾಯಿ ಮಾತ್ರ. ಆದುದರಿಂದ 4,00,000 ರೂಪಾಯಿಯ ಸದಸ್ಯತ್ವವನ್ನು ಯಾರಾದರೂ ಉಚಿತವಾಗಿ ಕೊಟ್ಟರೂ ಈ ಕುಟುಂಬಕ್ಕೆ ಅದು ನಷ್ಟದ ಬಾಬತ್ತೇ. ಅದೇ 20,000 ರೂಪಾಯಿಗೆ ಅವರು ತಮಗೆ ಒಗ್ಗುವ ಕೋಣೆಯಲ್ಲಿ ಹನ್ನೊಂದು ರಾತ್ರಿ ಉಳಿಯಬಹುದು.

ರೆಸಾರ್ಟಿನ ಕೋಣೆಯೂ 1,800 ರೂಪಾಯಿಯ ಕೋಣೆಯೂ ಒಂದೇ ಅಲ್ಲ ಎಂಬ ಆಕ್ಷೇಪ ನ್ಯಾಯವಾದುದೇ. ಅಲ್ಲಿ ಅಡುಗೆಯ ಸೌಕರ್ಯವಿರಬಹುದು, ಈಜುಕೊಳವಿರಬಹುದು, ಮಕ್ಕಳಿಗೆ ಆಟದ ಜಾಗವಿರಬಹುದು. ಆದರೆ ಆ ಸೌಕರ್ಯಕ್ಕಾಗಿ ಈವರೆಗೆ ಹಣ ಕೊಡದಿದ್ದ, ಮುಂದೆಯೂ ಕೊಡುವ ಉದ್ದೇಶವಿಲ್ಲದ ಮನೆಯವರು ಅದನ್ನು ರಿಯಾಯಿತಿಯಲ್ಲಿ ಪಡೆದುದನ್ನು ಉಳಿತಾಯವೆಂದು ಕರೆಯಲಾಗದು. ಬೇಡದ ರೇಷ್ಮೆ ಸೀರೆಯನ್ನು ಅರ್ಧ ಬೆಲೆಗೆ ಕೊಂಡರೂ ಆ ಅರ್ಧವು ಖರ್ಚೇ.

ಋತುವಿನ ತೊಡಕು

ಹಾಗಾದರೆ ಕಡಮೆ ಬೆಲೆಯ, ಕೆಳಗಿನ ಬಣ್ಣದ ಸದಸ್ಯತ್ವವನ್ನು ಕೊಳ್ಳಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಇಲ್ಲಿಯೇ ಮಿತವ್ಯಯದ ಪ್ರವಾಸಿ ಹೆಚ್ಚಾಗಿ ಎಡವುವುದು. ಅಧ್ಯಾಪಕರು, ಗುಮಾಸ್ತರು, ಸಣ್ಣ ವ್ಯಾಪಾರಿಗಳು ಪ್ರವಾಸ ಹೊರಡುವುದು ಮಕ್ಕಳ ಶಾಲೆಯ ರಜೆಯಲ್ಲಿ. ಶಾಲೆಯ ರಜೆಗಳೆಲ್ಲ ಮೇಲಿನ ಬಣ್ಣದ ದಿನಗಳು. ಅಗ್ಗದ ಸದಸ್ಯತ್ವವು ಜುಲೈ ತಿಂಗಳ ಮಂಗಳವಾರದಂದು ಕೋಣೆ ಕೊಡುತ್ತದೆ. ಅಂದು ಮಕ್ಕಳು ತರಗತಿಯಲ್ಲಿರುತ್ತಾರೆ. ಹೇಗೋ ರಜೆ ಹಾಕಿ ಹೊರಟರೂ, ಆ ದಿನಗಳಲ್ಲಿ ಬೆಟ್ಟದ ಸಾಮಾನ್ಯ ಹೋಟೆಲುಗಳು ತಾವಾಗಿಯೇ ಬಾಡಿಗೆ ಇಳಿಸಿರುತ್ತವೆ. ಹೀಗೆ ಅಗ್ಗದ ಸದಸ್ಯತ್ವವು ಹೋಟೆಲ್ ಅಗ್ಗವಾಗಿರುವ ಹೊತ್ತಿನಲ್ಲಿ ನೆರವಿಗೆ ಬರುತ್ತದೆ. ಹೋಟೆಲ್ ದುಬಾರಿಯಾದ ಹೊತ್ತಿನಲ್ಲಿ ನೆರವಾಗುವ ಸದಸ್ಯತ್ವ ತಾನೇ ದುಬಾರಿ.

ಪ್ರವಾಸದ ಶೈಲಿಯೂ ವಿಚಾರಾರ್ಹ. ಕಡಮೆ ಖರ್ಚಿನಲ್ಲಿ ತಿರುಗುವವರ ದೊಡ್ಡ ಬಂಡವಾಳ ಅವರ ಸ್ವಾತಂತ್ರ್ಯ. ರೈಲಿನಲ್ಲಿ ಸೀಟು ಸಿಕ್ಕ ದಿನ ಹೊರಡುವುದು, ನೆಂಟರ ಮನೆಯಲ್ಲಿ ಒಂದು ರಾತ್ರಿ ತಂಗುವುದು, ಮಳೆ ಹಿಡಿದರೆ ಊರು ಬದಲಿಸುವುದು, ಹಣ ಸಾಲದ ವರ್ಷ ಮನೆಯಲ್ಲಿಯೇ ಉಳಿಯುವುದು ಇವೆಲ್ಲ ಅವರಿಗೆ ಸಾಧ್ಯ. ತಿಂಗಳುಗಳ ಮೊದಲೇ ದಿನ ಗೊತ್ತುಮಾಡಿ, ರೆಸಾರ್ಟು ಇರುವ ಊರಿಗೇ ಹೋಗಿ, ಹೋಗದ ವರ್ಷವೂ ಶುಲ್ಕ ಕಟ್ಟುವ ವ್ಯವಸ್ಥೆಯು ಆ ಸ್ವಾತಂತ್ರ್ಯವನ್ನೇ ಕೊಂಡುಕೊಳ್ಳುತ್ತದೆ.

ಯಾರಿಗೆ ತಕ್ಕುದು?

ಸದಸ್ಯತ್ವವು ಎಲ್ಲರಿಗೂ ಹಾನಿಕರವೆಂದರೆ ಅದು ಅತಿಶಯೋಕ್ತಿಯಾದೀತು. ಪ್ರತಿವರ್ಷವೂ ತಪ್ಪದೆ ಒಂದು ವಾರ ಬೆಟ್ಟದ ಊರಿಗೋ ಕಡಲ ತೀರಕ್ಕೋ ಹೋಗುವ, ಈಗಾಗಲೇ ರಾತ್ರಿಗೆ 7,000–8,000 ರೂಪಾಯಿಯ ಕೋಣೆ ಹಿಡಿಯುವ, ದಿನಗಳನ್ನು ಬಹಳ ಮುಂಚೆ ಗೊತ್ತುಮಾಡಬಲ್ಲ ಕುಟುಂಬಕ್ಕೆ ಲೆಕ್ಕ ಕೂಡಿಬರುವುದು ಸಾಧ್ಯ. ಮೂರು ತಲೆಮಾರಿನವರು ಒಟ್ಟಿಗೆ ಹೊರಡುವ ಮನೆಗಳಲ್ಲಿ ಅಡುಗೆಮನೆಯುಳ್ಳ ದೊಡ್ಡ ಕೋಣೆಯಿಂದ ಅನುಕೂಲವೂ ಉಂಟು. ಹಣ ಕಟ್ಟಿಬಿಟ್ಟಿರುವ ಕಾರಣಕ್ಕಾದರೂ ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಒಂದೆಡೆ ಸೇರುತ್ತಾರೆ ಎಂಬ ಮಾತನ್ನು ಸದಸ್ಯರು ಹೇಳುವುದುಂಟು; ಆ ಲಾಭವನ್ನು ರೂಪಾಯಿಯಲ್ಲಿ ಅಳೆಯಲಾಗದು. ಆದರೆ ಇಂತಹ ಕುಟುಂಬವನ್ನು ಮಿತವ್ಯಯದ ಪ್ರವಾಸಿ ಎನ್ನಲಾಗದು. ಹಲವು ರೆಸಾರ್ಟುಗಳು ಸದಸ್ಯರಲ್ಲದವರಿಗೂ ಬಾಡಿಗೆಗೆ ಕೋಣೆ ಕೊಡುತ್ತವೆ. ಕೊಳ್ಳುವ ಮನಸ್ಸಿದ್ದವರು ಮೊದಲು ಎರಡು ರಾತ್ರಿ ಬಾಡಿಗೆ ಕೊಟ್ಟು ಉಳಿದು, ಅಲ್ಲಿರುವ ಸದಸ್ಯರನ್ನು ಮಾತನಾಡಿಸಿ ತಿಳಿಯುವುದು ಲೇಸು.

ಬೇರೆ ದಾರಿಗಳು

ಕಡಮೆ ಹಣದ ಪ್ರವಾಸಿಗೆ ಈ ನಾಡಿನಲ್ಲಿ ಹಿಂದಿನಿಂದಲೂ ಆಶ್ರಯಗಳಿವೆ. ಹಾದಿಯ ಅರವಟ್ಟಿಗೆಗಳೂ ಕ್ಷೇತ್ರಗಳ ಛತ್ರಗಳೂ ಸದಸ್ಯತ್ವವಿಲ್ಲದ ಆತಿಥ್ಯಗಳು. ತಿರುಮಲೆಯಲ್ಲಿ ಕರ್ನಾಟಕ ರಾಜ್ಯದ ಛತ್ರವಿರುವುದು ಕನ್ನಡಿಗರಿಗೆ ತಿಳಿದ ಸಂಗತಿ. 1971ರಲ್ಲಿ ಸ್ಥಾಪನೆಯಾದ ತಮಿಳುನಾಡು ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲುಗಳು ಹೊಗೇನಕಲ್, ಏರ್ಕಾಡು ಎರಡೂ ಕಡೆ ಇವೆ. ಅದೇ ವರ್ಷ ಹುಟ್ಟಿದ ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವು ‘ಮಯೂರ’ ಹೆಸರಿನ ಹೋಟೆಲುಗಳನ್ನು ಮೈಸೂರು, ಮಡಿಕೇರಿ, ಜೋಗ, ನಂದಿಬೆಟ್ಟ ಮುಂತಾದ ಕಡೆ ನಡೆಸುತ್ತಿದೆ.

ಸದಸ್ಯತ್ವವೇ ಬೇಕೆನ್ನುವ ವಿದ್ಯಾರ್ಥಿಗಳಿಗೆ ಯೂತ್ ಹಾಸ್ಟೆಲ್‌ಗಳ ಚಳವಳಿ ಇದೆ. ವಿದ್ಯಾರ್ಥಿಗಳೊಡನೆ ಕಾಲ್ನಡಿಗೆಯ ಪ್ರವಾಸ ಮಾಡುತ್ತಿದ್ದ ಜರ್ಮನಿಯ ಶಾಲಾ ಶಿಕ್ಷಕ ರಿಚರ್ಡ್ ಶಿರ್‌ಮನ್‌ಗೆ 1909ರಲ್ಲಿ ಇದರ ಕಲ್ಪನೆ ಹೊಳೆಯಿತು. 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಮೊದಲ ಯೂತ್ ಹಾಸ್ಟೆಲ್ ತೆರೆಯಿತು. ಭಾರತದಲ್ಲಿ ಈ ಚಳವಳಿಯ ಆರಂಭದ ನೆಲೆಗಳಲ್ಲಿ ಮೈಸೂರೂ ಒಂದು. ಅಲ್ಪ ಶುಲ್ಕಕ್ಕೆ ಸದಸ್ಯತ್ವ, ಸಾಮೂಹಿಕ ಶಯನಾಗಾರದಲ್ಲಿ ಹಾಸಿಗೆ, ಚಾರಣದ ಅವಕಾಶ ಇದರ ಲಕ್ಷಣಗಳು. ಎರಡು ಸದಸ್ಯತ್ವಗಳ ವ್ಯತ್ಯಾಸ ಸ್ಪಷ್ಟ: ಯೂತ್ ಹಾಸ್ಟೆಲಿನ ಸದಸ್ಯನು ಒಂದು ವರ್ಷ ಹೋಗದಿದ್ದರೆ ಕಳೆದುಕೊಳ್ಳುವುದು ಅತ್ಯಲ್ಪ.

ಪ್ರತಿವರ್ಷ ಪ್ರವಾಸ ತಪ್ಪಬಾರದೆಂಬ ಆಸೆಯಿದ್ದವರಿಗೆ ಅಂಚೆ ಕಚೇರಿಯ ಅಥವಾ ಬ್ಯಾಂಕಿನ ಮಾಸಿಕ ಠೇವಣಿ ಸಾಕು. ತಿಂಗಳಿಗೆ 1,500 ರೂಪಾಯಿಯಂತೆ ಕಟ್ಟಿದರೆ ವರ್ಷಕ್ಕೆ 18,000 ರೂಪಾಯಿ ಕೂಡುತ್ತದೆ. ಪ್ರವಾಸ ಹೋಗದ ವರ್ಷ ಆ ಹಣ ಮನೆಯಲ್ಲಿಯೇ ಉಳಿಯುತ್ತದೆ.

ಸಹಿಗೆ ಮೊದಲು, ಸಹಿಯ ಬಳಿಕ

ಸದಸ್ಯತ್ವದ ಮಾರಾಟಕ್ಕೆ ಒಂದು ಕ್ರಮವಿದೆ. ಅದೃಷ್ಟದ ಚೀಟಿಯಲ್ಲಿ ಬಹುಮಾನ ಬಂದಿದೆ ಎಂಬ ಕರೆ. ಬಹುಮಾನ ಪಡೆಯಲು ದಂಪತಿಗಳಿಬ್ಬರೂ ಬರಬೇಕೆಂಬ ಷರತ್ತು. ಗಂಟೆಗಟ್ಟಲೆ ನಡೆಯುವ ವಿವರಣೆ. ಕೊನೆಗೆ ‘ಈ ದರ ಇಂದಿಗೆ ಮಾತ್ರ’ ಎಂಬ ಒತ್ತಾಯ. ಇಬ್ಬರನ್ನೂ ಕರೆಯುವುದರ ಉದ್ದೇಶ, ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎಂಬ ಮಾತಿಗೆ ಎಡೆಯಿಲ್ಲದಂತೆ ಮಾಡುವುದು. 25 ವರ್ಷಗಳ ಒಪ್ಪಂದಕ್ಕೆ ಒಂದು ರಾತ್ರಿಯ ವಿಚಾರಕ್ಕೂ ಅವಕಾಶ ಕೊಡದ ರಿಯಾಯಿತಿಯು ಸಂದೇಹಕ್ಕೆ ಪಾತ್ರವಾಗಬೇಕು. ಬಾಯಿಮಾತಿನಲ್ಲಿ ಹೇಳಿದ ಯಾವ ಸೌಲಭ್ಯವೂ ಪತ್ರದಲ್ಲಿ ಇಲ್ಲದಿದ್ದರೆ ಅದು ಇಲ್ಲವೆಂದೇ ತಿಳಿಯಬೇಕು.

ಐರೋಪ್ಯ ಒಕ್ಕೂಟದ 2008ರ ನಿರ್ದೇಶನದ ಪ್ರಕಾರ ಟೈಮ್‌ಶೇರ್ ಕೊಂಡವರು 14 ದಿನಗಳೊಳಗೆ ಕಾರಣ ಹೇಳದೆಯೇ ಒಪ್ಪಂದದಿಂದ ಹಿಂದೆ ಸರಿಯಬಹುದು. ಆ ಅವಧಿಯಲ್ಲಿ ಮುಂಗಡ ಹಣ ಪಡೆಯುವುದೂ ನಿಷಿದ್ಧ. ಭಾರತದಲ್ಲಿ ಟೈಮ್‌ಶೇರಿಗೆಂದೇ ಪ್ರತ್ಯೇಕ ಕಾಯಿದೆಯಿಲ್ಲ. ಕೆಲವು ಸಂಸ್ಥೆಗಳು ತಮ್ಮ ಒಪ್ಪಂದದಲ್ಲಿಯೇ ಕೆಲವು ದಿನಗಳ ಮರುವಿಚಾರದ ಅವಕಾಶವನ್ನು ಕೊಡುತ್ತವೆ. ಅದು ಎಷ್ಟು ದಿನ, ಯಾವ ದಿನದಿಂದ ಎಣಿಕೆ, ಎಷ್ಟು ಹಣ ಮರಳುತ್ತದೆ ಎಂಬುದನ್ನು ಸಹಿಗೆ ಮೊದಲೇ ಓದಿಕೊಂಡಿರಬೇಕು.

ಸಹಿಯ ಬಳಿಕ ವಂಚನೆಯ ಅರಿವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಆಸರೆ. ಒಪ್ಪಂದದಲ್ಲಿ ದೂರದ ಮಹಾನಗರದ ನ್ಯಾಯಾಲಯದ ಹೆಸರಿದ್ದರೂ, ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಅದಿಯಮಾನ್‌ಕೋಟೆಯವರಿಗೆ ಅದು ಧರ್ಮಪುರಿಯಲ್ಲಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ದೂರಿಗೆ ಕಾರಣವಾದ ಸಂಗತಿ ನಡೆದ ಎರಡು ವರ್ಷಗಳೊಳಗೆ ಅದನ್ನು ಸಲ್ಲಿಸಬೇಕು. ವಿವಾದವನ್ನು ಮಧ್ಯಸ್ಥಗಾರರೇ ತೀರ್ಮಾನಿಸಬೇಕೆಂಬ ಷರತ್ತು ಒಪ್ಪಂದದಲ್ಲಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲವೆಂಬ ನಿಲುವನ್ನು ಸರ್ವೋಚ್ಚ ನ್ಯಾಯಾಲಯವು 2018ರ ಎಮಾರ್ ಎಂಜಿಎಫ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡ, ತಮಿಳು ಸೇರಿದಂತೆ ಹಲವು ಭಾಷೆಗಳಲ್ಲಿ ಸಲಹೆ ದೊರೆಯುತ್ತದೆ. ಜಾಹೀರಾತಿನ ಹಾಳೆ, ರಸೀದಿ, ಕೋಣೆ ನಿರಾಕರಿಸಿದ ಸಂದೇಶ ಇವುಗಳನ್ನು ಕಾಪಾಡಿಟ್ಟುಕೊಂಡವರ ದೂರಿಗೆ ಬಲ ಹೆಚ್ಚು.

ಇಷ್ಟನ್ನೂ ನೆನಪಿಡಲಾಗದವರು ಒಂದು ಕೆಲಸ ಮಾಡಬಹುದು. ಒಂದು ಹಾಳೆಯಲ್ಲಿ ಕಳೆದ ಮೂರು ವರ್ಷಗಳಲ್ಲಿ ಮನೆಯವರು ಹೊರಗೆ ತಂಗಿದ ರಾತ್ರಿಗಳನ್ನೂ ಕೋಣೆಗೆ ಕೊಟ್ಟ ಹಣವನ್ನೂ ಬರೆದು, ಮೂರರಿಂದ ಭಾಗಿಸಿ, ಅದರ ಪಕ್ಕದಲ್ಲಿ ಸದಸ್ಯತ್ವದ ವಾರ್ಷಿಕ ಶುಲ್ಕವನ್ನು ಬರೆಯುವುದು. ಶುಲ್ಕದ ಅಂಕಿಯೇ ದೊಡ್ಡದಾಗಿದ್ದರೆ ಮುಂದಿನ ಯಾವ ಲೆಕ್ಕವೂ ಅನಗತ್ಯ.